ಪುರಿಯಿಂದ ತಳ್ಳುಗಾಡಿಗೆ: ಜಾವಗಲ್ ಸೀಮೆಯ ಬೀದಿತಿಂಡಿಯ ಪೂರ್ವೋತ್ತರ

ಬಾಣಾವರದಿಂದ ಹಳೇಬೀಡಿಗೆ ಹೋಗುವ ಮಾರ್ಗದಲ್ಲಿರುವ ಜಾವಗಲ್, ಹೊಯ್ಸಳ ವೀರಸೋಮೇಶ್ವರನ ಆಳ್ವಿಕೆಯಲ್ಲಿ, ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ನಿರ್ಮಿತವಾದ ಲಕ್ಷ್ಮೀನರಸಿಂಹನ ತ್ರಿಕೂಟಾಲಯದಿಂದಲೂ, ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ಹರಕೆ ಹೊತ್ತು ಬರುವ ದರ್ಗಾದಿಂದಲೂ ಪ್ರಸಿದ್ಧವಾದ ಊರು. ಆ ಗುಡಿಯ ಭಿತ್ತಿಯಲ್ಲಿ ಮಲ್ಲಿತಮ್ಮನೆಂಬ ರೂವಾರಿ ತನ್ನ ಹೆಸರನ್ನು ಕೆತ್ತಿ ಹೋಗಿರುವುದನ್ನು ಕಲಾಚರಿತ್ರಕಾರರು ವಿಸ್ತಾರವಾಗಿ ಚರ್ಚಿಸಿರುವರು. ಆದರೆ ದೇವರ ದರ್ಶನಕ್ಕೋ ಸಂತೆಗೋ ಬಂದ ಸಾಮಾನ್ಯನು ಸಂಜೆಯ ವೇಳೆಗೆ ಹಸಿದು ನಿಂತಾಗ, ಕಿಸೆಯಲ್ಲಿನ ಹತ್ತಿಪ್ಪತ್ತು ರೂಪಾಯಿಗೆ ದೊರೆಯುವ ಚುರುಮುರಿ, ಬೋಂಡ, ಮಸಾಲಪುರಿಗಳ ಇತಿಹಾಸವನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದವರು ವಿರಳ. ಬೀದಿತಿಂಡಿಯು ನಗರದಿಂದ ಇತ್ತೀಚೆಗೆ ಹಳ್ಳಿಗೆ ಇಳಿದು ಬಂದದ್ದೆಂಬ ಪ್ರಚಲಿತ ಅಭಿಪ್ರಾಯವು ಅರ್ಧಸತ್ಯ. ಅದರ ಬೇರುಗಳು ನಮ್ಮ ಸಂತೆ-ಜಾತ್ರೆಗಳಲ್ಲಿಯೂ, ಮುಸುರೆ-ಎಂಜಲುಗಳೆಂಬ ಮನೆಯೊಳಗಿನ ಕಟ್ಟಳೆಗಳಲ್ಲಿಯೂ ಇರುವುವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1902ರಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನು ತಿರುವಿದರೆ, ದೇವರ ಅಂಗಭೋಗ, ರಂಗಭೋಗ, ನೈವೇದ್ಯಗಳಿಗೂ, ತಪಸ್ವಿಗಳ ಆಹಾರದಾನಕ್ಕೂ ಬಿಟ್ಟ ಭೂಮಿಯ ಉಲ್ಲೇಖಗಳು ಹೇರಳವಾಗಿ ಕಾಣಬರುತ್ತವೆ. ಶಾಸನವು ಸ್ವಭಾವತಃ ದಾನಕ್ಕೆ ಸಾಕ್ಷಿ, ವಿಕ್ರಯಕ್ಕಲ್ಲ. ಆದರೂ ದಾರಿಹೋಕನಿಗೆ ಅನ್ನವಿಡುವುದು ಸತ್ರದ ಕೆಲಸ, ನೀರು ಕೊಡುವುದು ಅರವಟ್ಟಿಗೆಯ ಕೆಲಸ ಎಂಬ ಭಾವನೆಯು ಅಂದಿನ ಸಮಾಜದಲ್ಲಿ ಎಷ್ಟು ದೃಢವಾಗಿತ್ತೆಂಬುದಕ್ಕೆ ಅವು ನಿಸ್ಸಂದಿಗ್ಧವಾದ ಪ್ರಮಾಣ. ಬೇಯಿಸಿದ ಅನ್ನವನ್ನು ಹಣಕ್ಕೆ ಮಾರುವುದು ಹೀನವೆಂದು ಧರ್ಮಶಾಸ್ತ್ರವೂ ಲೋಕಾಚಾರವೂ ಒಟ್ಟಾಗಿ ಎಣಿಸುತ್ತಿದ್ದ ಕಾಲವದು.

ಅಂತಹ ಕಾಲದಲ್ಲಿ ಅರಮನೆಯ ಪಾಕವೈಭವವು ಹೇಗಿತ್ತೆಂಬುದನ್ನು, ಹೊಯ್ಸಳರ ಸಾರ್ವಭೌಮನಾಗಿದ್ದ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ಮಾನಸೋಲ್ಲಾಸದಿಂದ ತಿಳಿಯಬಹುದು. ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿ, 1117ರಿಂದ ಎಣಿಸಿದರೆ, ಇನ್ನೂ ಎರಡು ದಶಕ ತುಂಬಿರಲಿಲ್ಲ. ಇಡ್ಲಿ, ದೋಸೆ, ವಡೆಗಳ ಪೂರ್ವರೂಪಗಳೆಲ್ಲ ಆ ಗ್ರಂಥದಲ್ಲಿವೆ. ಉದ್ದು, ಮೆಣಸು, ಜೀರಿಗೆ, ಇಂಗುಗಳಿವೆ. ಇಲ್ಲದಿರುವುದು ಮೆಣಸಿನಕಾಯಿ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಸೂಪಶಾಸ್ತ್ರದಲ್ಲಿಯೂ ಖಾರಕ್ಕೆ ಕಾಳುಮೆಣಸೇ ಆಧಾರ. ಇಂದು ಜಾವಗಲ್ಲಿನ ಗಾಡಿಯ ಮುಂದೆ ನಿಂತವನು ನಾಲಗೆಯ ಮೇಲೆ ಮೊದಲು ಅನುಭವಿಸುವ ರುಚಿಯೇ ಅಂದಿನ ಈ ಎರಡು ಗ್ರಂಥಗಳಿಗೆ ಅಪರಿಚಿತವಾಗಿತ್ತು.

ಆದುದರಿಂದ ಬೀದಿತಿಂಡಿಯ ಆದಿಯನ್ನು ಅರಮನೆಯ ಅಡುಗೆಮನೆಯಲ್ಲಿ ಹುಡುಕುವುದು ವ್ಯರ್ಥ. ಅದನ್ನು ಹುಡುಕಬೇಕಾದುದು ಮುಸುರೆಯ ಕಟ್ಟಳೆಯಲ್ಲಿ. ನೀರಿನಲ್ಲಿ ಬೆಂದ ಅನ್ನ, ಮುದ್ದೆ, ಸಾರುಗಳು ಮುಸುರೆ. ಅವುಗಳನ್ನು ಯಾರು ಮುಟ್ಟಿದರು, ಯಾವ ಒಲೆಯಲ್ಲಿ ಬೇಯಿಸಿದರು ಎಂಬ ಪ್ರಶ್ನೆ ಪ್ರತಿ ತುತ್ತಿಗೂ ಅಂಟಿಕೊಂಡು ಬರುತ್ತಿತ್ತು. ಹುರಿದದ್ದಕ್ಕೂ ಕರಿದದ್ದಕ್ಕೂ ಆ ಕಟ್ಟು ಸಡಿಲವಾಗಿತ್ತು. ಜಾತ್ರೆಗಳಲ್ಲಿ ತಲತಲಾಂತರದಿಂದ ಮಾರಾಟವಾಗುತ್ತ ಬಂದಿರುವ ಪದಾರ್ಥಗಳನ್ನು ಒಮ್ಮೆ ನೆನೆಯಿರಿ: ಪುರಿ, ಹುರಿಗಡಲೆ, ಬೆಂಡು, ಬತ್ತಾಸು, ಖಾರಸೇವೆ, ಕಲ್ಯಾಣಸೇವೆ. ಇವುಗಳಲ್ಲಿ ಒಂದಾದರೂ ಮುಸುರೆಯಲ್ಲ. ಪರಸ್ಪರರ ಮನೆಯಲ್ಲಿ ನೀರನ್ನೂ ಮುಟ್ಟದ ಜನರು ಒಂದೇ ಅಂಗಡಿಯ ಪುರಿಯನ್ನು ಸೆರಗಿಗೆ ಕಟ್ಟಿಸಿಕೊಂಡು ಮನೆಗೆ ಒಯ್ದು, ದೇವರ ಪ್ರಸಾದವೆಂದು ಹಂಚಿ ತಿನ್ನುವುದಕ್ಕೆ ಈ ಸಡಿಲಿಕೆಯೇ ದಾರಿಮಾಡಿಕೊಟ್ಟಿತು. ಬೀದಿಯಲ್ಲಿ ಆಹಾರವನ್ನು ಮಾರುವ ವೃತ್ತಿಯು ನಮ್ಮ ಸೀಮೆಯಲ್ಲಿ ಈ ಬಾಗಿಲಿನಿಂದ ಪ್ರವೇಶಿಸಿತೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಪುರಿಯ ಅಗ್ಗತನಕ್ಕೆ ಅದರ ತಯಾರಿಕೆಯೇ ಕಾರಣ. ಬತ್ತವನ್ನು ನೆನೆಯಿಟ್ಟು, ಬೇಯಿಸಿ, ಒಣಗಿಸಿ, ಕುಟ್ಟಿ, ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನ ಬಾಣಲೆಗೆ ಸುರಿದೊಡನೆ ಅದು ಕ್ಷಣಮಾತ್ರದಲ್ಲಿ ಹಲವು ಪಟ್ಟು ಉಬ್ಬುತ್ತದೆ. ಬೊಗಸೆ ಅಕ್ಕಿ ಮೊರ ತುಂಬುವಷ್ಟು ಪುರಿಯಾಗುತ್ತದೆ. ಮಾರುವವನಿಗೆ ಹೊರಲು ಹಗುರ, ಕೆಡುವ ಭಯ ಕಡಿಮೆ, ಒಲೆಯ ಅಗತ್ಯವೇ ಇಲ್ಲ. ಕೊಳ್ಳುವವನಿಗೆ ಅಲ್ಪ ಮೂಲ್ಯಕ್ಕೆ ಕೈತುಂಬ ದೊರೆಯುತ್ತದೆ.

ಮುಸುರೆಯ ಪದಾರ್ಥವು ಬೀದಿಗೆ ಬಂದುದು ರೈಲಿನೊಡನೆ. 1876-78ರ ಮಹಾಕ್ಷಾಮದ ಅನಂತರ ಮೈಸೂರು ಸಂಸ್ಥಾನದಲ್ಲಿ ರೈಲುಮಾರ್ಗಗಳಿಗೆ ತ್ವರೆ ದೊರೆತು, ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ತಲುಪಿದ ಮಾರ್ಗವು 1889ರ ವೇಳೆಗೆ ಅರಸೀಕೆರೆ, ಬಾಣಾವರ, ಬೀರೂರುಗಳನ್ನು ಹಾದು ಹರಿಹರವನ್ನು ಮುಟ್ಟಿತು. ಮುಂದೆ ಹಾಸನದ ಮೂಲಕ ಮೈಸೂರಿಗೆ ಮಾರ್ಗವೊಡೆದು ಅರಸೀಕೆರೆ ಜಂಕ್ಷನ್ನಾಯಿತು. ಗಾಡಿ ಬದಲಾಯಿಸಲು ಗಂಟೆಗಟ್ಟಲೆ ಕಾಯಬೇಕಾದ ಪ್ರಯಾಣಿಕನಿಗೆ ಬುತ್ತಿ ಸಾಲದೆ ಹೋದಾಗ, ಬುಟ್ಟಿ ಹೊತ್ತು ಬಂದವನಿಂದ ಇಡ್ಲಿಯನ್ನೋ ವಡೆಯನ್ನೋ ಕೊಳ್ಳುವುದು ಅನಿವಾರ್ಯವಾಯಿತು. ಮೈಸೂರು ಮಾರ್ಗದ ಮದ್ದೂರಿನಲ್ಲಿ ನಿಲ್ದಾಣದ ವ್ಯಾಪಾರದಿಂದಲೇ ಒಂದು ವಡೆ ಊರ ಹೆಸರನ್ನು ಪಡೆದುದು ಸರ್ವವಿದಿತ. ರೈಲು ನಿಲ್ದಾಣಗಳಲ್ಲಿ ಜಾತಿ-ಮತಗಳಿಗೆ ತಕ್ಕಂತೆ ಕುಡಿಯುವ ನೀರಿನ ಪ್ರತ್ಯೇಕ ವ್ಯವಸ್ಥೆಯಿದ್ದ ಕಾಲದಲ್ಲಿಯೇ, ಹಸಿವೆಯು ಕಟ್ಟಳೆಯನ್ನು ಸ್ವಲ್ಪಸ್ವಲ್ಪವಾಗಿ ಸವೆಸುತ್ತಿತ್ತು. ಬಾಣಾವರದಲ್ಲಿ ಇಳಿದು ಜಾವಗಲ್ಲಿನ ಮೇಲೆ ಹಳೇಬೀಡು, ಬೇಲೂರುಗಳಿಗೆ ಹೊರಟ ಯಾತ್ರಿಕರೊಡನೆ ಈ ಹೊಸ ಅಭ್ಯಾಸವೂ ರಸ್ತೆಗಿಳಿಯಿತು.

ಆದರೆ ಬುಟ್ಟಿಯಲ್ಲಿ ತರುವುದು ಆರಿದ ತಿಂಡಿ. ಕಣ್ಣೆದುರಿಗೇ ಬಿಸಿಬಿಸಿಯಾಗಿ ಮಾಡಿಕೊಡಬೇಕಾದರೆ ಬೆಂಕಿಯೇ ನಡೆಯಬೇಕಷ್ಟೆ. ಸ್ವೀಡನ್ ದೇಶದಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಒಲೆಯ ಸಂತಾನವಾದ ಸೀಮೆಎಣ್ಣೆಯ ಪಂಪ್‌ಸ್ಟೌ, ಗ್ಯಾಸ್‌ಲೈಟೆಂದು ನಮ್ಮ ಜನ ಕರೆದ ಪೆಟ್ರೋಮ್ಯಾಕ್ಸ್ ದೀಪ, ಮತ್ತು ಸೈಕಲ್ ಚಕ್ರಗಳ ಮೇಲೆ ಹಲಗೆ ಬಡಿದ ತಳ್ಳುಗಾಡಿ, ಈ ಮೂರೂ ಒಂದೆಡೆ ಕೂಡಿದ ಮೇಲೆಯೇ ನಾವಿಂದು ಕಾಣುವ ಸಂಜೆಯ ವ್ಯಾಪಾರವು ಸಾಧ್ಯವಾಯಿತು. ಹೋಟಲಿನ ಇತಿಹಾಸ ಬರೆಯುವವರು ಮಾಲೀಕರ ಸಾಹಸವನ್ನು ಕೊಂಡಾಡುವರು. ಸ್ಟೌವಿಗೂ ಚಕ್ರಕ್ಕೂ ಸಲ್ಲಬೇಕಾದ ಮರ್ಯಾದೆಯನ್ನು ಯಾರೂ ಸಲ್ಲಿಸಿದಂತಿಲ್ಲ.

ಈ ಗಾಡಿಯ ಮೇಲಿನ ಪದಾರ್ಥಗಳಾದರೋ ಬಹುಪಾಲು ಸಮುದ್ರದಾಚೆಯಿಂದ ಬಂದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಬಂದ ಮೆಣಸಿನಕಾಯಿಯ ತವರು ಮೆಕ್ಸಿಕೋ ದೇಶ. ಟೊಮ್ಯಾಟೊ, ಕಡಲೆಕಾಯಿ, ಆಲೂಗಡ್ಡೆ, ಮುಸುಕಿನ ಜೋಳಗಳೆಲ್ಲ ಅದೇ ಅಮೆರಿಕಾ ಖಂಡಗಳ ಸಂತತಿ. ಮಳೆಗಾಲದ ಆಲೂಗಡ್ಡೆಗೆ ಹಾಸನ ಜಿಲ್ಲೆಯು ರಾಜ್ಯದಲ್ಲಿಯೇ ಹೆಸರುವಾಸಿಯಾಗಿ, ಅಂಗಮಾರಿ ರೋಗದಿಂದ ನೊಂದ ರೈತರು ಕ್ರಮೇಣ ಮುಸುಕಿನ ಜೋಳದತ್ತ ಹೊರಳಿದ್ದು ನಮ್ಮ ಕಣ್ಣೆದುರಿನ ಸಂಗತಿ. ಜಾವಗಲ್–ಹಳೇಬೀಡು ರಸ್ತೆಯ ಬದಿಯಲ್ಲಿ ಕೆಂಡದ ಮೇಲೆ ಸುಟ್ಟ ಎಳೆಯ ತೆನೆಗೆ ನಿಂಬೆಹೋಳಿನಿಂದ ಉಪ್ಪುಖಾರವನ್ನು ತಿಕ್ಕಿ ಕೊಡುವಾಗ, ಕೊಡುವವರಿಗೂ ತಿನ್ನುವವರಿಗೂ ಅರಿವಿಲ್ಲದಂತೆ ಮೆಕ್ಸಿಕೋದ ಬೀದಿಯ ಅತಿಪ್ರಾಚೀನವಾದ ಜೋಡಿಯೊಂದು ಇಲ್ಲಿ ಪುನಃ ಕೂಡುತ್ತದೆ. ಆ ದೇಶದಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿದ ಜೋಳವನ್ನು ಅರೆದು, ತಟ್ಟಿ, ಸುಟ್ಟ ತೆಳುರೊಟ್ಟಿಯೊಳಗೆ ಮಾಂಸವನ್ನೋ ಹುರುಳಿಯ ಜಾತಿಯ ಕಾಳನ್ನೋ ಖಾರದ ಚಟ್ನಿಯೊಡನೆ ಮಡಚಿ ಕೊಡುವ ಟಾಕೋ ಕೂಲಿಕಾರರ ಆಹಾರ. ವಲಸೆಗಾರರೊಡನೆ ಅದು ಗಡಿ ದಾಟಿತು. 1974ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ರೌಲ್ ಮಾರ್ಟಿನೆಜ್ ಎಂಬಾತನು ಐಸ್‌ಕ್ರೀಮ್ ಮಾರುವ ವಾಹನವನ್ನು ಮಾರ್ಪಡಿಸಿ ಟಾಕೋ ಮಾರಲಾರಂಭಿಸಿದನು. ನಮ್ಮಲ್ಲಿ 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನಂತಹ ಪುಟ್ಟ ಲಗೇಜ್ ಗಾಡಿಗಳ ಹಿಂಬದಿಯಲ್ಲಿ ಗ್ಯಾಸ್ ಒಲೆಯನ್ನೂ ಇಡ್ಲಿಪಾತ್ರೆಯನ್ನೂ ಜೋಡಿಸಿ ಬೆಳಗಿನ ತಿಂಡಿ ಮಾರುವವರು ತುಳಿದದ್ದೂ ಇದೇ ದಾರಿ.

ಚುರುಮುರಿಯವನ ಕೈಯನ್ನು ಹತ್ತಿರದಿಂದ ನೋಡಬೇಕು. ಪಾತ್ರೆಗೆ ಎರಡು ಹಿಡಿ ಪುರಿ ಬಿದ್ದೊಡನೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್ಟು, ಟೊಮ್ಯಾಟೊ, ಹುರಿದ ಕಡಲೆಕಾಯಿಬೀಜ, ಹಸಿಮೆಣಸಿನಕಾಯಿಯ ಚಟ್ನಿ, ಪುಡಿಮಾಡಿದ ನಿಪ್ಪಟ್ಟು, ಮೇಲೆ ಒಂದು ಚಮಚೆ ಎಣ್ಣೆ, ನಿಂಬೆಯ ರಸ. ಪುರಿ ಮೆತ್ತಗಾಗುವ ಮುನ್ನವೇ ಕಲಸಿ, ಪೊಟ್ಟಣಕ್ಕೆ ಸುರಿದು, ಕೊತ್ತಂಬರಿ ಉದುರಿಸಿ ಕೈಗಿತ್ತು ಮುಗಿಸುತ್ತಾನೆ. ಆ ಪೊಟ್ಟಣವನ್ನು ನಾನು ಚರಿತ್ರೆಯ ಸಾಧನವೆಂದೇ ಪರಿಗಣಿಸುತ್ತೇನೆ. ತಟ್ಟೆಯಿಲ್ಲ, ಲೋಟವಿಲ್ಲ, ಆದುದರಿಂದ ಎಂಜಲಿನ ಪ್ರಶ್ನೆಯೂ ಇಲ್ಲ. ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿದ್ದ ದಿನಗಳಲ್ಲಿ, ಸಂವಿಧಾನದ 15ನೆಯ ಮತ್ತು 17ನೆಯ ವಿಧಿಗಳು 1950ರಲ್ಲಿ ಜಾರಿಗೆ ಬಂದ ಬಳಿಕವೂ ಹಲವು ಹಳ್ಳಿಗಳ ಚಹದಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ಉಳಿದುಕೊಂಡ ದಿನಗಳಲ್ಲಿ, ಒಳಗು-ಹೊರಗುಗಳೇ ಇಲ್ಲದ ಈ ಗಾಡಿಯ ಸುತ್ತ ಎಲ್ಲರೂ ನಿಂತು ತಿಂದರು. ಇದು ಯಾವ ಸುಧಾರಕನ ಯೋಜನೆಯೂ ಅಲ್ಲ. ಕಾಗದ, ಮುತ್ತುಗದ ಎಲೆ, ಅಡಿಕೆಯ ಹಾಳೆಗಳು ತಾವಾಗಿ ಸಾಧಿಸಿದ ಕಾರ್ಯ. ಮುದ್ರಿತ ವೃತ್ತಪತ್ರಿಕೆಯ ಶಾಯಿಯು ಆರೋಗ್ಯಕ್ಕೆ ಹಾನಿಕರವೆಂದು 2018ರ ಆಹಾರ ಸುರಕ್ಷತಾ ನಿಯಮಗಳು ತಿಂಡಿ ಕಟ್ಟಲು ಅಂತಹ ಪತ್ರಿಕೆಯ ಬಳಕೆಯನ್ನು ನಿಷೇಧಿಸಿದ್ದು ಯುಕ್ತವೇ. ಅಂತೆಯೇ, ಪುರಿಬೋಂಡಗಳ ಪಕ್ಕಕ್ಕೆ ಈಚೆಗೆ ಬಂದು ನಿಂತ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ನಿಷೇಧಿಸಿದ್ದೂ ಸ್ವಾಗತಾರ್ಹ.

ಬೀದಿತಿಂಡಿಯು ಅಗ್ಗವಾಗಿರುವುದು ಬಾಡಿಗೆಯಿಲ್ಲದ ಕಾರಣ ಎಂದು ಹೇಳಿ ಮುಗಿಸುವುದುಂಟು. ಈರುಳ್ಳಿ ಹೆಚ್ಚಿ, ಬಟಾಣಿ ಬೇಯಿಸಿ, ಚಟ್ನಿ ಅರೆದು, ರಾತ್ರಿ ಮರಳಿದ ಪಾತ್ರೆಗಳನ್ನು ಬೆಳಗುವ ಮನೆಯ ಹೆಂಗಸರ ದುಡಿಮೆಗೆ ಆ ಬೆಲೆಯಲ್ಲಿ ಒಂದು ಕಾಸೂ ಲೆಕ್ಕವಾಗುವುದಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ನಮ್ಮ ರುಚಿಯ ಒಂದು ಪಾಲನ್ನು ತೆರುತ್ತಿರುವವರು ಅವರು.

2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿ, ಸಮೀಕ್ಷೆ, ಪ್ರಮಾಣಪತ್ರ, ಪಟ್ಟಣ ವ್ಯಾಪಾರ ಸಮಿತಿಗಳನ್ನು ವಿಧಿಸಿತು. ಅರಸೀಕೆರೆ, ಬೇಲೂರುಗಳಂತಹ ಪುರಸಭೆ, ನಗರಸಭೆಗಳಿರುವ ಊರುಗಳ ವ್ಯಾಪಾರಿಗಳಿಗೆ ಇದರಿಂದ ಒಂದು ಆಸರೆ ಒದಗಿತು. ಆದರೆ ಆ ಕಾಯಿದೆಯು ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳನ್ನು ಲಕ್ಷಿಸಿ ರಚಿತವಾದುದರಿಂದ ಗ್ರಾಮ ಪಂಚಾಯಿತಿಯ ಊರಾದ ಜಾವಗಲ್ಲಿನ ಗಾಡಿಗೆ ಅದರ ನೆರಳು ಬೀಳುವುದಿಲ್ಲ. ರೈಲ್ವೆಗೆ ಸೇರಿದ ಭೂಮಿಗೂ ಗಾಡಿಗಳಿಗೂ ಅದು ಅನ್ವಯಿಸದೆಂದು ಅದರ ಮೊದಲ ಪ್ರಕರಣದಲ್ಲಿಯೇ ಸ್ಪಷ್ಟವಾಗಿ ನಮೂದಿಸಿರುವುದರಿಂದ, ಅರಸೀಕೆರೆಯ ಪ್ಲಾಟ್‌ಫಾರಮ್ಮಿನಲ್ಲಿ ಬುಟ್ಟಿ ಹೊತ್ತು ನಿಂತವನಿಗೂ ಇಲ್ಲ. ಸಂತೆಯ ಹಳ್ಳಿ ಮತ್ತು ರೈಲು ನಿಲ್ದಾಣ, ಈ ಕಸುಬು ಹುಟ್ಟಿ ಬೆಳೆದ ಎರಡು ಸ್ಥಳಗಳೇ ಶಾಸನದ ಹೊರಗುಳಿದಿವೆ. ಅದನ್ನು ತಿದ್ದುವವರೆಗೆ ಜಾವಗಲ್ಲಿನ ವ್ಯಾಪಾರಿಯು ಗಾಡಿ ನಿಲ್ಲಿಸುವ ಜಾಗವು ಪಂಚಾಯಿತಿಯ ಕೃಪೆಯೇ ಹೊರತು ಅವನ ಹಕ್ಕಲ್ಲ.