ಎಲ್ಲಾ ಸೇರಿ ಎಷ್ಟಪ್ಪಾ?

ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಯನ್ನು ನಾನು ನೋಡಿದ್ದೇನೆ ಎಂದರೆ ಅದು ಅರ್ಧ ಸತ್ಯ. ಅದರ ನಡುವೆ ಬಾಡಿಗೆಯ ಕಾರನ್ನು ನಡೆಸಿಕೊಂಡು ಹೋದದ್ದು ನಿಜ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಎರಡೇ: ರಸ್ತೆಯ ಎಡ ಅಂಚು, ಎದುರಿಗೆ ಬರುವ ಲಾರಿ. “ರೀ, ಆ ಬೆಟ್ಟ ನೋಡ್ರೀ” ಎಂದು ಪಕ್ಕದಲ್ಲಿ ನನ್ನಾಕೆ ಹೇಳುತ್ತಲೇ ಇದ್ದಳು. “ನೀನೇ ನೋಡಿ ಹೇಳು” ಎಂದು ನಾನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ಕಾರಿಗೆ ಏಟು ಬಿದ್ದರೆ 1,200 ಪೌಂಡುಗಳವರೆಗೆ ನಾನೇ ಹೊಣೆ ಎಂಬ ಕಾಗದಕ್ಕೆ ಆ ಬೆಳಿಗ್ಗೆ ತಾನೆ ರುಜು ಹಾಕಿ ಬಂದಿದ್ದೆ.

ಮನೆಯಲ್ಲಿ ಕೂತು ಗೊತ್ತುಮಾಡಿಕೊಂಡಾಗ ಐದು ದಿನಕ್ಕೆ 140 ಪೌಂಡು ಎಂದಿತ್ತು. ಅಗ್ಗವೆಂದು ಹಿಗ್ಗಿದ್ದೆ. ಎಡಿನ್‌ಬರೊ ವಿಮಾನ ನಿಲ್ದಾಣದಲ್ಲಿ ನಿದ್ದೆಗೆಟ್ಟು ನಿಂತಾಗ ಗುಮಾಸ್ತ ನಗುನಗುತ್ತ ಒಂದೊಂದಾಗಿ ಹೇಳತೊಡಗಿದ. ನನ್ನಾಕೆಯೂ ಓಡಿಸುವುದಾದರೆ ದಿನಕ್ಕೆ 10 ಪೌಂಡು. ಅಪಘಾತದ ಹೊಣೆಯಿಂದ ಪಾರಾಗಬೇಕಾದರೆ ದಿನಕ್ಕೆ 22. ಮೊದಲನೆಯದಕ್ಕೆ ಒಪ್ಪಿದೆ, ಎರಡನೆಯದನ್ನು ಜಿಪುಣತನದಿಂದ ಬಿಟ್ಟೆ. ಆಮೇಲೆ ಹೆದರಿಕೆಯಿಂದ ಅವಳ ಕೈಗೆ ಕಾರು ಕೊಡಲೇ ಇಲ್ಲ. ಹಿಂದಕ್ಕೆ ಒಪ್ಪಿಸುವಾಗ ಮುಂದಿನ ಎಡಚಕ್ರದ ಲೋಹದ ಮೇಲೆ ಬೆರಳುದ್ದದ ಗೀರು ಕಂಡಿತು. ನಾನು ಮಾಡಿದ್ದೋ, ನನಗಿಂತ ಹಿಂದಿನವನು ಮಾಡಿದ್ದೋ, ದೇವರಿಗೇ ಗೊತ್ತು. ಹೊರಡುವಾಗ ನಾನು ನೋಡಿಕೊಂಡಿರಲಿಲ್ಲ. ದುರಸ್ತಿಗೆ 165, ಕಾಗದಪತ್ರದ ಖರ್ಚಿಗೆ 40. ಹೀಗೆ 140 ಪೌಂಡಿನ ಕಾರು 395 ಪೌಂಡಾಯಿತು.

ಆಗ ನನಗೆ ನಮ್ಮ ತಂದೆಯವರ ನೆನಪಾಯಿತು. ನಾನು ಚಿಕ್ಕವನಾಗಿದ್ದಾಗ ಮೈಸೂರು ಸ್ಟೇಷನ್ನಿನ ಹೊರಗೆ ಜಟಕಾದವರು ಮುತ್ತಿಕೊಂಡರೆ ಅವರು ಗಾಡಿಯ ಮೆಟ್ಟಿಲ ಮೇಲೆ ಕಾಲಿಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಸಾಮಾನು, ಹುಡುಗರು, ಎಲ್ಲಾ ಸೇರಿ ಎಷ್ಟಪ್ಪಾ?” ಅವರು ವಿಮಾನ ಹತ್ತಿದವರಲ್ಲ. ಆದರೂ ಈ ವ್ಯಾಪಾರದ ಮರ್ಮ ಅವರಿಗೆ ತಿಳಿದಿತ್ತು. ಊರಿಗೆ ಬಂದ ಮೇಲೆ ಬಾಡಿಗೆ ಬಂಡಿಗಳ ಚರಿತ್ರೆಯನ್ನು ಹುಡುಕಿ ಓದಿದೆ. ಅದನ್ನು ಓದಿದಷ್ಟೂ ತಂದೆಯವರ ಮೇಲಿನ ಗೌರವ ಹೆಚ್ಚಿತು.

ಬಂಡಿ ಹೋದ ದೂರವನ್ನು ಅಳೆಯುವ ಆಸೆ ಇಂದಿನದಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರೂವಿಯಸ್ ಅಂಥ ಒಂದು ಯಂತ್ರವನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬಂಡಿಯ ಚಕ್ರ 400 ಸಲ ಉರುಳಿದರೆ 5,000 ಅಡಿ, ಎಂದರೆ ಒಂದು ರೋಮನ್ ಮೈಲಿ. ಆಗ ಹಲ್ಲಿನ ಚಕ್ರವೊಂದು ತಿರುಗಿ, ಒಂದು ಕಲ್ಲು ಕಂಚಿನ ಪಾತ್ರೆಯೊಳಕ್ಕೆ ಟಣ್ಣೆಂದು ಬೀಳುವುದು. ಸಂಜೆ ಕಲ್ಲುಗಳನ್ನು ಎಣಿಸಿದರೆ ದೂರ ತಿಳಿಯಿತು. ಕ್ರಿ. ಶ. 193ರಲ್ಲಿ ಚಕ್ರವರ್ತಿ ಪರ್ಟಿನಾಕ್ಸನು ತನ್ನ ಹಿಂದಿನವನಾದ ಕಮೋಡಸನ ಐಶ್ವರ್ಯವನ್ನು ಹರಾಜು ಹಾಕಿಸಿದಾಗ ಅದರಲ್ಲಿ ದಾರಿಯನ್ನು ಅಳೆಯುವ ಬಂಡಿಗಳೂ ಇದ್ದುವೆಂದು ಹಳೆಯ ಚರಿತ್ರೆಯೊಂದು ಹೇಳುತ್ತದೆ.

ಅಳತೆಯೇನೋ ಸಿಕ್ಕಿತು. ಆದರೆ ದರ? ಅದಕ್ಕೆ ಕಾನೂನು ಬೇಕಾಯಿತು. 1662ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಲಂಡನ್ನಿನಲ್ಲಿ 400 ಬಾಡಿಗೆ ಸಾರೋಟುಗಳಿಗೆ ಮಾತ್ರ ಪರವಾನಗಿ ಕೊಡಬೇಕೆಂದು ವಿಧಿಸಿ, ದರವನ್ನೂ ಕಟ್ಟಿತು. ಹನ್ನೆರಡು ಗಂಟೆಯ ದಿನವೊಂದಕ್ಕೆ 10 ಷಿಲಿಂಗು; ಗಂಟೆಯ ಲೆಕ್ಕವಾದರೆ ಮೊದಲ ಗಂಟೆಗೆ 18 ಪೆನ್ಸು, ಆಮೇಲಿನ ಪ್ರತಿ ಗಂಟೆಗೆ 12. ಇದಕ್ಕಿಂತ ಹೆಚ್ಚು ಕೇಳಕೂಡದು. ದಿನಕ್ಕೆಷ್ಟು ಗಂಟೆ ಎಂಬುದನ್ನು ಕೂಡ ಕಾನೂನಿನಲ್ಲಿ ಬರೆಯಬೇಕಾಯಿತೆಂದರೆ, ಅದಕ್ಕೆ ಮುಂಚೆ ‘ದಿನ’ ಎಂಬ ಮಾತು ಗಾಡಿಯವನ ಬಾಯಲ್ಲಿ ಎಷ್ಟು ಹಿಗ್ಗಿ ಕುಗ್ಗುತ್ತಿದ್ದಿರಬೇಕೆಂದು ವಾಚಕರೇ ಊಹಿಸಬಹುದು.

ಕಾನೂನು ಬಂದರೂ ಜಗಳ ನಿಲ್ಲಲಿಲ್ಲ. 1891ರಲ್ಲಿ ಜರ್ಮನಿಯ ಬ್ರೂನ್ ಎಂಬಾತ ದೂರವನ್ನೂ ದರವನ್ನೂ ಜೊತೆಯಾಗಿ ತೋರಿಸುವ ಯಂತ್ರವನ್ನು ಮಾಡಿದ. ಅದೇ ಟ್ಯಾಕ್ಸಿಮೀಟರು. 1907ರಲ್ಲಿ ಲಂಡನ್ನಿನ ಮೋಟಾರು ಗಾಡಿಗಳಿಗೆ ಅದು ಕಡ್ಡಾಯವಾಯಿತು. ನಾವು ದಿನಬೆಳಗಾದರೆ ಆಡುವ ‘ಟ್ಯಾಕ್ಸಿ’ ಎಂಬ ಮಾತಿನ ಮೂಲದಲ್ಲಿ ಗಾಡಿಯೂ ಇಲ್ಲ, ಪ್ರಯಾಣವೂ ಇಲ್ಲ. ಇರುವುದು ದರ ಮಾತ್ರ!

ಇಲ್ಲಿಯವರೆಗೆ ಗಾಡಿಯೊಡನೆ ಗಾಡಿಯವನೂ ಬರುತ್ತಿದ್ದ. ಗಾಡಿಯನ್ನಷ್ಟೇ ಕೊಟ್ಟು ಕಳುಹಿಸುವ ಸಾಹಸ ಅಮೆರಿಕದಲ್ಲಿ ಬೆಳೆಯಿತು. 1916ರಲ್ಲಿ ನೆಬ್ರಾಸ್ಕದ ಒಮಾಹಾ ನಗರದಲ್ಲಿ ಜೋ ಸಾಂಡರ್ಸ್ ತನ್ನ ಫೋರ್ಡ್ ಕಾರಿನ ಮುಂಚಕ್ರಕ್ಕೆ ದೂರಮಾಪಕವನ್ನು ಕಟ್ಟಿ, ಮೈಲಿಗೆ 10 ಸೆಂಟಿನಂತೆ ಬಾಡಿಗೆಗೆ ಬಿಟ್ಟ. ವಿಟ್ರೂವಿಯಸನ ಕಲ್ಲು ಮತ್ತೆ ಬೀಳತೊಡಗಿತೆನ್ನಬಹುದು. 1918ರಲ್ಲಿ ಷಿಕಾಗೋದಲ್ಲಿ ವಾಲ್ಟರ್ ಜೇಕಬ್ಸ್ ಹನ್ನೆರಡು ಫೋರ್ಡ್ ಕಾರುಗಳಿಂದ ಇದೇ ಉದ್ಯಮವನ್ನು ತೆರೆದ. 1923ರಲ್ಲಿ ಅದನ್ನು ಕೊಂಡವನು ಜಾನ್ ಹರ್ಟ್ಸ್. 1946ರಲ್ಲಿ ವಾರನ್ ಏವಿಸ್ ಡೆಟ್ರಾಯಿಟಿನ ಬಳಿಯ ವಿಲೋ ರನ್ ವಿಮಾನ ನಿಲ್ದಾಣದಲ್ಲಿ ತನ್ನ ಅಂಗಡಿಯನ್ನು ಇಟ್ಟ. ದಣಿದು ಇಳಿಯುವ ಪ್ರಯಾಣಿಕನ ಎದುರಿಗೇ ಕಾರನ್ನು ತಂದು ನಿಲ್ಲಿಸಿದ್ದು ದೊಡ್ಡ ಅನುಕೂಲವೇ ಸರಿ. ಆದರೆ ದಣಿದವನು ಚೌಕಾಸಿ ಮಾಡುವುದಿಲ್ಲ, ಕಾಗದವನ್ನೂ ಓದುವುದಿಲ್ಲ. ಎಡಿನ್‌ಬರೊದಲ್ಲಿ ನಾನು ನಿಂತದ್ದು ಅಂಥ ಸ್ಥಳದಲ್ಲಿಯೇ.

1958ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಬಜೆಟ್ ಕಂಪನಿ ದಿನಕ್ಕೆ 4 ಡಾಲರು, ಮೈಲಿಗೆ 4 ಸೆಂಟು ಎಂದು ಸಾರಿತು. ಬರಬರುತ್ತ ಸ್ಪರ್ಧೆ ಬಲಿತು ದಿನದ ದರ ಇಳಿಯಿತು. ಅನೇಕ ಕಡೆ ಮೈಲಿಯ ಲೆಕ್ಕವೂ ಹೋಯಿತು. ಕಲ್ಲು ಬೀಳುವುದು ನಿಂತಿತೆಂದು ಪ್ರಯಾಣಿಕ ಸಂತೋಷಪಟ್ಟ. ಅದು ಬೇರೆ ಪಾತ್ರೆಯಲ್ಲಿ ಬೀಳುತ್ತಿತ್ತು. ದೂರಕ್ಕೆ ಅಳತೆಯಿದೆ, ಕಾಲಕ್ಕೆ ಅಳತೆಯಿದೆ, ಭಯಕ್ಕೆ ಅಳತೆಯಿಲ್ಲ. ಕಾರಿಗೆ ಏನಾದರೂ ಆದರೆ ಎಂಬ ಭಯವನ್ನೇ ದಿನಕ್ಕಿಷ್ಟು ಎಂದು ಮಾರತೊಡಗಿದರು. ಅಮೆರಿಕದಲ್ಲಿ ಇದಕ್ಕೆ ‘ಡ್ಯಾಮೇಜ್ ವೇವರ್’ ಎಂದು ಹೆಸರು. ಸೂಕ್ಷ್ಮವಾಗಿ ನೋಡಿದರೆ ಅದು ವಿಮೆಯಲ್ಲ. ನಷ್ಟವಾದರೆ ನಿಮ್ಮಿಂದ ವಸೂಲು ಮಾಡುವುದಿಲ್ಲವೆಂದು ಕಾರಿನವನು ಕೊಡುವ ವಚನ. ಈ ವ್ಯಾಪಾರ ಮಿತಿಮೀರಿತೆಂದು ನ್ಯೂಯಾರ್ಕ್ ಸಂಸ್ಥಾನವು 1989ರಲ್ಲಿ ಅದನ್ನು ನಿಷೇಧಿಸಿತು. 2003ರಲ್ಲಿ ನಿಯಮಗಳೊಡನೆ ಮತ್ತೆ ಬಿಟ್ಟಿತು. ಯೂರೋಪಿನಲ್ಲಿ ದೂರುಗಳು ಹೆಚ್ಚಿದ ಮೇಲೆ, ತಪ್ಪಿಸಿಕೊಳ್ಳಲಾಗದ ಎಲ್ಲ ಖರ್ಚನ್ನೂ ಮೊದಲು ತೋರಿಸುವ ದರದಲ್ಲಿಯೇ ಸೇರಿಸಲು ಐದು ದೊಡ್ಡ ಕಂಪನಿಗಳು ಒಪ್ಪಿರುವುದಾಗಿ 2017ರಲ್ಲಿ ಯೂರೋಪಿಯನ್ ಆಯೋಗವು ಪ್ರಕಟಿಸಿತು.

ಇಷ್ಟು ಓದಿದ ಮೇಲೆ ನನಗೆ ತೋರಿದ್ದು ಇದು. ಯಾವುದಕ್ಕೆ ಅಳತೆ ಬಂದಿತೋ ಅಲ್ಲಿ ಮೋಸ ಕಡಮೆಯಾಯಿತು. ಹಣ ಮಾತ್ರ ಅಳತೆಯಿಲ್ಲದ ಕಡೆಗೆ ಸರಿಯಿತು. ಆದ್ದರಿಂದ ದೊಡ್ಡ ಅಕ್ಷರದ ದರವನ್ನು ಹೋಲಿಸಿ ಪ್ರಯೋಜನವಿಲ್ಲ. ಅದರಲ್ಲಿ ಏನು ಸೇರಿಲ್ಲ ಎಂಬುದನ್ನು ಹೋಲಿಸಬೇಕು.

ವಿದೇಶ ಪ್ರವಾಸಕ್ಕೆ ಹೊರಡುವವರು ಕೇಳಬೇಕಾದುವು ಕೆಲವಿವೆ. ಏಟು ಬಿದ್ದರೆ ನನ್ನ ಪಾಲಿನ ಹೊಣೆ ಎಷ್ಟು? ಗಾಜು, ಟೈರು, ಚಕ್ರ ಅದರಲ್ಲಿ ಸೇರಿವೆಯೆ? ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿಯೆಂದು ಎಷ್ಟು ಹಣ ತಡೆಹಿಡಿಯುತ್ತೀರಿ? ಎರಡನೆಯ ಚಾಲಕನಿಗೆ, ಇಪ್ಪತ್ತೈದರೊಳಗಿನ ಹುಡುಗನಿಗೆ, ಗಡಿ ದಾಟುವುದಕ್ಕೆ, ಬೇರೆ ಊರಿನಲ್ಲಿ ಒಪ್ಪಿಸುವುದಕ್ಕೆ ಎಷ್ಟು? ಪೆಟ್ರೋಲು ತುಂಬಿಕೊಂಡು ತುಂಬಿಯೇ ಒಪ್ಪಿಸುವ ಕರಾರು ಮೇಲು. ಹಣವನ್ನು ಆ ದೇಶದ ನಾಣ್ಯದಲ್ಲಿಯೇ ಕೊಡಬೇಕು. ರೂಪಾಯಿಗೆ ತಿರುಗಿಸಿಕೊಡುವ ಉಪಕಾರಕ್ಕೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಹೊಣೆಯ ವಿಮೆಯನ್ನು ಬೇರೆ ಸಂಸ್ಥೆಗಳಿಂದ ಮೊದಲೇ ಅಗ್ಗವಾಗಿ ಕೊಳ್ಳಬಹುದು. ಆದರೆ ಅದು ಭಾರತದ ನಿವಾಸಿಗಳಿಗೆ ಸಲ್ಲುವುದೇ ಎಂದು ನೋಡಿಕೊಳ್ಳಬೇಕು, ಠೇವಣಿಯನ್ನಂತೂ ಇಡಲೇಬೇಕು. ಕೊನೆಯದಾಗಿ, ಮಡಕೆ ಕೊಳ್ಳುವವಳು ಬಡಿದು ನೋಡುವಂತೆ ಕಾರನ್ನು ಸುತ್ತುಹಾಕಿ, ನಾಲ್ಕು ಚಕ್ರವನ್ನೂ ಸೇರಿಸಿ ಚಿತ್ರ ತೆಗೆದುಕೊಳ್ಳಬೇಕು. ಒಪ್ಪಿಸುವಾಗಲೂ ಹಾಗೆಯೆ.

ಮರುವರ್ಷ ಐರ್ಲೆಂಡಿನ ಕೆರಿ ಪ್ರಾಂತಕ್ಕೆ ಹೋದಾಗ ಹಾಗೆಯೇ ಮಾಡಿದೆ. ಗುಮಾಸ್ತೆ ಬಾಯಿ ತೆರೆಯುವ ಮೊದಲೇ ತಂದೆಯವರ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಸ್ವಲ್ಪ ಯೋಚಿಸಿ ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟಳು. ಮೊದಲು ಕಂಡ ದರಕ್ಕಿಂತ ಹೆಚ್ಚೇ ಆಗಿತ್ತು. ಆದರೆ ಅದೇ ಕೊನೆಯ ಮೊತ್ತವೂ ಆಗಿತ್ತು. ಸಮುದ್ರದ ಪಕ್ಕದ ಆ ರಸ್ತೆಯಲ್ಲಿ ಬೆಟ್ಟ, ಕೊಲ್ಲಿ, ಕುರಿಮಂದೆ, ಎಲ್ಲವನ್ನೂ ಕಣ್ತುಂಬ ನೋಡಿಕೊಂಡು ಹೊರಟೆ. ಪಕ್ಕದಿಂದ ನನ್ನಾಕೆ ಕೂಗಿದಳು:

“ರೀ, ರಸ್ತೆ ನೋಡ್ರೀ!”