ಒಂದೇ ಸಾಲು, ಒಂದು ಗಂಟೆ: ಹಳೇ ಕೈರೋ ಕಲಿಸೋ ಪಾಠ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಕೈರೋಗೆ ಹೋಗೋಣ.

ಬೆಲ್ಲಿ ಡ್ಯಾನ್ಸ್ ವಿಡಿಯೋ ನೋಡೋರಿಗೆ 'ಇಂತ ಉಮ್ರಿ' ಹಾಡಿನ ಆರಂಭದ ಟ್ಯೂನ್ ಕಿವಿಗೆ ಬಿದ್ದಿರಬಹುದು. 1964ರ ಹಾಡು. ಸಂಗೀತ ಮೊಹಮ್ಮದ್ ಅಬ್ದುಲ್ ವಹಾಬ್ ಅವರದ್ದು, ಹಾಡಿದ್ದು ಉಮ್ ಕುಲ್ಸುಮ್. ರೀಲ್‌ನಲ್ಲಿ ಅದಕ್ಕೆ ಮೂವತ್ತು ಸೆಕೆಂಡ್. ವೇದಿಕೆ ಮೇಲೆ ಸುಮಾರು ಒಂದು ಗಂಟೆ.

ಹಾಗಂತ ಸಾಹಿತ್ಯ ಅಷ್ಟು ಉದ್ದ ಏನಿಲ್ಲ. ಆಕೆ ಒಂದು ಸಾಲು ಹಾಡ್ತಾರೆ, ಜನ ಕೂಗ್ತಾರೆ, ಅದೇ ಸಾಲು ಮತ್ತೆ ಬರುತ್ತೆ. ಆದ್ರೆ ಮೊದಲಿನ ಹಾಗಲ್ಲ. ಎಲ್ಲೋ ಒಂದು ಸ್ವರ ಜಗ್ಗಿರುತ್ತೆ, ಎಲ್ಲೋ ಒಂದು ಪದ ತಡವಾಗಿ ಇಳಿಯುತ್ತೆ. ಹಾಡೋರು, ಕೇಳೋರು ಸೇರಿ ತಲುಪೋ ಆ ಮೈಮರೆವಿಗೆ ಅರಬ್ಬಿಯಲ್ಲಿ 'ತರಬ್' ಅಂತಾರೆ. ಕೇಳೋಕೆ ಬಲ್ಲವರಿಗೂ ಒಂದು ಹೆಸರಿದೆ, 'ಸಮ್ಮೀಆ'. ಅಂದ್ರೆ ಕೇಳೋದೂ ಒಂದು ವಿದ್ಯೆ.

1932ರಲ್ಲಿ ರಾಜ ಫುಆದ್ ಆಶ್ರಯದಲ್ಲಿ ಕೈರೋದಲ್ಲಿ ಅರಬ್ ಸಂಗೀತ ಸಮ್ಮೇಳನ ನಡೆಯಿತು. ಮೊರಾಕೊದಿಂದ ಇರಾಕ್‌ವರೆಗಿನ ಕಲಾವಿದರು ಬಂದರು, ಹಂಗೇರಿಯ ಬಾರ್ಟೋಕ್ ಕೂಡ ಇದ್ದರು. ಗ್ರಾಮಫೋನ್ ಕಂಪನಿ ಅವರ ಸಂಗೀತವನ್ನ ರೆಕಾರ್ಡ್ ಮಾಡಿತು. ಆದ್ರೆ ತಟ್ಟೆಯ ಒಂದು ಬದಿಗೆ ಹಿಡಿಸ್ತಿದ್ದದ್ದು ಕೆಲವೇ ನಿಮಿಷ. ಅಲ್ಲೇ ಇನ್ನೊಂದು ಚರ್ಚೆ: ಒಂದು ಸ್ಥಾಯಿಯನ್ನ 24 ಸಮಭಾಗ ಮಾಡಬಹುದಾ? ಒಮ್ಮತ ಬರಲಿಲ್ಲ. ಯಾಕಂದ್ರೆ ರಾಗದ ಹಾಗಿರೋ ಅವರ 'ಮಕಾಮ್'ಗಳಲ್ಲಿ 'ರಾಸ್ತ್' ಅಂತ ಒಂದಿದೆ. ಅದರ ಮೂರನೇ ಸ್ವರ ಪಿಯಾನೋದ ಎರಡು ಕೀಗಳ ನಡುವೆ ಎಲ್ಲೋ ಕೂತಿದೆ. ಸರಿಯಾಗಿ ಎಲ್ಲಿ ಅನ್ನೋದು ಊರಿಂದ ಊರಿಗೆ ಬದಲಾಗುತ್ತೆ.

ಹಾಗಾಗಿ ಸಂಗೀತಗಾರರಿಗೆ ನನ್ನ ಮಾತು: ಕೀಬೋರ್ಡ್ ಒತ್ತೋ ಮುಂಚೆ ಆ ಸ್ವರವನ್ನ ಗಂಟಲಲ್ಲಿ ಹುಡುಕಿ. ಡ್ಯಾನ್ಸರ್‌ಗಳು 'ತಕ್ಸೀಮ್' ಕೇಳಿ. ಊದ್‌ನಂಥ ಒಂದೇ ವಾದ್ಯದ ಮನೋಧರ್ಮ ಅದು, ಸಾಮಾನ್ಯವಾಗಿ ತಾಳದ ಎಣಿಕೆ ಇರಲ್ಲ. ಅಲ್ಲಿ ಕೌಂಟ್ ಹಿಡಿದು ಕಲಿತ ಸ್ಟೆಪ್ ಕೆಲಸಕ್ಕೆ ಬರಲ್ಲ. ತಂತಿ ನಿಂತಾಗ ಮೈಯೂ ನಿಲ್ಲಬೇಕು.

ನಾನು ಬಿ.ಕಾಂ. ಓದಿದವನು, ಲಾಭ-ನಷ್ಟದ ಭಾಷೆಯಲ್ಲೇ ಹೇಳ್ತೀನಿ. ಒಂದು ಗಂಟೆಯನ್ನ ಮೂವತ್ತು ಸೆಕೆಂಡಿಗೆ ಕತ್ತರಿಸಿದ್ರೆ ಟ್ಯೂನ್ ಉಳಿಯುತ್ತೆ. ಹೋಗೋದು ಕೇಳುಗನ ಪಾಲು. ಆ ಪಾಲು ಇಲ್ಲದೆ ತರಬ್ ಹುಟ್ಟಲ್ಲ.

ಇವತ್ತು ರಾತ್ರಿ ಉಮ್ ಕುಲ್ಸುಮ್ ಅವರ ಪೂರ್ತಿ ಲೈವ್ ರೆಕಾರ್ಡಿಂಗ್ ಒಂದನ್ನ ಹಾಕಿ. ಸಾಲು ಎರಡನೇ ಸಲ ಬಂದಾಗ ಏನು ಬದಲಾಯ್ತು, ಅಷ್ಟು ಮಾತ್ರ ಗಮನಿಸಿ. ಸಿಕ್ಕಿದ್ದನ್ನ ನನಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.