ಆನೇಕಲ್‌ನ ವಿಮಾನ ಯಾಕೆ ಹಾರಲ್ಲ?

ಇವತ್ತು ಮೊದಲು ಒಂದು ತಪ್ಪೊಪ್ಪಿಗೆ. ಶುರುವಿನ ಒಂದು ಎಪಿಸೋಡಲ್ಲಿ ನಾನು, ‘ರೈಟ್ ಸಹೋದರರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮಲ್ಲಿ ವಿಮಾನ ಇತ್ತು, ಭರದ್ವಾಜರ ವೈಮಾನಿಕ ಶಾಸ್ತ್ರದಲ್ಲಿ ಎಲ್ಲಾ ಇದೆ’ ಅಂದುಬಿಟ್ಟಿದ್ದೆ. ವಾಟ್ಸಾಪಲ್ಲಿ ಬಂದಿದ್ದು, ಹಾಗೇ ಓದಿದ್ದೆ. ವರದಮೂಲದ ನಮ್ಮನೇಲಿ ದೊಡ್ಡಪ್ಪ ಈಗಲೂ ಬಂದವರಿಗೆಲ್ಲ ಆ ಎಪಿಸೋಡ್ ಕೇಳಿಸ್ತಾರೆ. ಅದೇ ನನಗೆ ಮುಜುಗರ.

ಆ ಪುಸ್ತಕ ಹುಟ್ಟಿದ್ದು ನಮ್ಮ ಕಾಲಕ್ಕೆ ಹತ್ತಿರದಲ್ಲೇ. ಬೆಂಗಳೂರು ಪಕ್ಕದ ಆನೇಕಲ್‌ನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಸಂಸ್ಕೃತ ಶ್ಲೋಕಗಳನ್ನ ಬಾಯಲ್ಲಿ ಹೇಳ್ತಾ ಹೋದ್ರು, ವೆಂಕಟಾಚಲ ಶರ್ಮ ಅನ್ನೋರು ಬರ್ಕೊಂಡ್ರು. ಇದು ತಮ್ಮದಲ್ಲ, ಭರದ್ವಾಜರದ್ದು ಅಂತ ಶಾಸ್ತ್ರಿಗಳ ಮಾತು. ವಿಮಾನದ ನಕ್ಷೆಗಳನ್ನ ಬರೆದದ್ದು ಎಲ್ಲಪ್ಪ ಅನ್ನೋ ಡ್ರಾಫ್ಟ್ಸ್‌ಮನ್. ಇದೆಲ್ಲ 1920ರ ಆಸುಪಾಸು. ಅಷ್ಟು ಹೊತ್ತಿಗೆ ವಿಮಾನ ಹೊಸದೇನಲ್ಲ: 1911ರ ಫೆಬ್ರವರಿಯಲ್ಲೇ ಅಲಹಾಬಾದ್‌ನಿಂದ ನೈನಿಗೆ ವಿಮಾನದಲ್ಲಿ ಅಂಚೆ ಹೋಗಿತ್ತು.

1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಈ ಪುಸ್ತಕವನ್ನ ಕೈಗೆತ್ತಿಕೊಂಡ್ರು. ನನಗೆ ಇಷ್ಟ ಆಗಿದ್ದು ಇದೇ: ಅವರು ನಕ್ಕು ಬದಿಗಿಡಲಿಲ್ಲ. ಹಸ್ತಪ್ರತಿ ಎಲ್ಲಿಂದ ಬಂತು ಅಂತ ಹುಡುಕಿದ್ರು, ಭಾಷೆ ಎಷ್ಟು ಹಳೇದು ಅಂತ ನೋಡಿದ್ರು, ಶಕುನ, ಸುಂದರ, ರುಕ್ಮ, ತ್ರಿಪುರ ಅನ್ನೋ ನಾಲ್ಕು ವಿಮಾನಗಳನ್ನ ಲೆಕ್ಕಕ್ಕೆ ಹಚ್ಚಿದ್ರು. ಬರವಣಿಗೆ 1904ಕ್ಕಿಂತ ಹಿಂದಿನದ್ದಲ್ಲ, ನಾಲ್ಕರಲ್ಲಿ ಒಂದೂ ಹಾರಲ್ಲ. ಮುಂದೆ ತಳ್ಳೋಕೆ ಅಂತ ಹೇಳಿರೋ ವ್ಯವಸ್ಥೆ ಹಾರೋದಕ್ಕೇ ಅಡ್ಡಿ ಅಂದ್ರು!

ಯಾಕೆ ಹಾರಲ್ಲ? ನಾನು ಬಿಕಾಂ, ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಸಾಗರದಿಂದ ಶಿವಮೊಗ್ಗಕ್ಕೆ ಹೋಗೋವಾಗ ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಬೈಸ್ಕೊಂಡಿದ್ದೀರಲ್ಲ? ಅಂಗೈ ಮುಂತುದಿ ಸ್ವಲ್ಪ ಎತ್ತಿದ್ರೆ ಕೈ ತಾನೇ ಮೇಲೇಳತ್ತೆ. ರೆಕ್ಕೆಯೂ ಹಾಗೇ. ಗಾಳಿಯನ್ನ ಕೆಳಗೆ ತಳ್ಳತ್ತೆ, ಗಾಳಿ ಅದನ್ನ ಮೇಲೆ ತಳ್ಳತ್ತೆ. ರೆಕ್ಕೆಯ ಮೇಲ್ಭಾಗದಲ್ಲಿ ಒತ್ತಡ ಕಡಿಮೆ, ಕೆಳಗೆ ಜಾಸ್ತಿ. ಬಸ್ ನಿಂತ್ರೆ ಕೈ ಬಿತ್ತು. ಅಂದ್ರೆ ವೇಗ ಬೇಕು, ಅದಕ್ಕೆ ಎಂಜಿನ್ ಬೇಕು, ಜೊತೆಗೆ ಗಾಳಿಗೆ ಅಡ್ಡ ನಿಲ್ಲದ ಆಕಾರ ಬೇಕು. ಗೋಪುರದ ಥರ ಎತ್ತರಕ್ಕೆ ಕಟ್ಟಿದ ರುಕ್ಮ ವಿಮಾನದ ಚಿತ್ರ ಒಮ್ಮೆ ನೋಡಿ.

ರೈಟ್ ಸಹೋದರರಿಗೂ ಮೊದಲ ಲೆಕ್ಕ ತಪ್ಪಿತ್ತು. ಹಳೇ ಕೋಷ್ಟಕ ನಂಬಿ ಕಟ್ಟಿದ ಗ್ಲೈಡರ್ ಅಂದ್ಕೊಂಡಷ್ಟು ಎತ್ತಲಿಲ್ಲ. 1901ರಲ್ಲಿ ಆರಡಿ ಪೆಟ್ಟಿಗೆಯಲ್ಲಿ ಗಾಳಿ ಬಿಟ್ಟು, ಸುಮಾರು 200 ಪುಟಾಣಿ ರೆಕ್ಕೆಗಳನ್ನ ತಾವೇ ಪರೀಕ್ಷೆ ಮಾಡಿದ್ರು. ಅಡ್ಡಾದಿಡ್ಡಿ ವಾಲಿದಾಗ ಸರಿ ಮಾಡ್ಕೊಳ್ಳೋಕೆ ರೆಕ್ಕೆಯನ್ನೇ ತಿರುಚೋ ಉಪಾಯ ಕಂಡುಕೊಂಡ್ರು. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಮೂರು ಬಸ್ಸು ಸಾಲಾಗಿ ನಿಂತಷ್ಟು ದೂರ, ಅಷ್ಟೇ.

ಹೆಮ್ಮೆಗೆ ನಮ್ಮ ಹತ್ತಿರ ಬೇರೆ ಸರಕು ಇದೆ. 1940ರಲ್ಲಿ ಬೆಂಗಳೂರಲ್ಲಿ ಎಚ್‌ಎಎಲ್ ಶುರುವಾಯ್ತು, ಅಲ್ಲಿ ವಿ. ಎಂ. ಘಾಟಗೆ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಅನ್ನೋ ತರಬೇತಿ ವಿಮಾನ 1951ರಲ್ಲಿ ಹಾರಿತು.

ದೊಡ್ಡಪ್ಪಂಗೆ ಇಷ್ಟೂ ಹೇಳಿದೆ. ‘ಹಂಗಾರೆ ಆ ಪುಸ್ತಕ ಸುಳ್ಳನಾ ತಮಾ?’ ಅಂದ್ರು. ಪುಸ್ತಕ ಇದೆ ದೊಡ್ಡಪ್ಪ, ವಯಸ್ಸು ನೂರು ಚಿಲ್ಲರೆ ಅಷ್ಟೆ ಅಂದೆ. ಮಾತಾಡದೆ ಕವಳ ಹಾಕಿದ್ರು. ಹಳೇ ಎಪಿಸೋಡ್ ತೆಗೆದಿಲ್ಲ. ಅದರ ಶುರುವಿಗೆ ಈ ತಿದ್ದುಪಡಿ ಸೇರಿಸಿದ್ದೀನಿ. ದೊಡ್ಡಪ್ಪ ಇನ್ಮೇಲೆ ಕೇಳಿಸಿದ್ರೂ ಮೊದಲು ಇದೇ ಬರತ್ತೆ.